ಎಣ್ಣೆ ಹತ್ತಿದ ಬಟ್ಟಲು: ಟೈಟಾನಿಯಂಗೆ ಮೂಳೆ ಹಿಡಿಯದೆ ಹೋದ ಒಂದು ಪ್ರಕರಣ

2000ನೇ ಇಸವಿಯ ಸುಮಾರಿಗೆ ಅಮೆರಿಕದ ಮೂಳೆ ಸರ್ಜನ್‌ಗಳ ಹತ್ತಿರ ಒಂದೇ ಥರದ ರೋಗಿಗಳು ವಾಪಸ್ ಬರತೊಡಗಿದರು. ಸೊಂಟದ ಕೀಲು ಬದಲಿಸಿಕೊಂಡು ಇನ್ನೂ ಕೆಲವೇ ತಿಂಗಳಾದವರು. ತೊಡೆಸಂದಿನಲ್ಲಿ ನೋವು, ಕಾಲೂರಿ ಭಾರ ಬಿಡೋಕೆ ಆಗುತ್ತಿಲ್ಲ. ಕೀವಿಲ್ಲ, ಸೋಂಕಿಲ್ಲ. ಮತ್ತೆ ತೆರೆದು ನೋಡಿದರೆ ಸೊಂಟದ ಗುಳಿಯಲ್ಲಿ ಕೂರಿಸಿದ್ದ ಟೈಟಾನಿಯಂ ಬಟ್ಟಲಿಗೆ ಮೂಳೆ ಹಿಡಿದೇ ಇರಲಿಲ್ಲ.

ಹಾಕಿದ ಕೀಲು ಸಡಿಲವಾಗೋದು ಹೊಸದೇನಲ್ಲ. ಆದರೆ ಅದಕ್ಕೆ ಸಾಮಾನ್ಯವಾಗಿ ವರ್ಷಗಟ್ಟಲೆ ಬೇಕು. ಒಳಗಿನ ಪ್ಲಾಸ್ಟಿಕ್ ನಿಧಾನಕ್ಕೆ ಸವೆದು, ಅದರ ಪುಡಿಗೆ ದೇಹ ಕೆರಳಿ, ಸುತ್ತಲಿನ ಮೂಳೆ ಕರಗಿ, ಆಮೇಲೆ ಅಲುಗಾಟ. ಇಲ್ಲಿ ಹಾಗಾಗಿರಲಿಲ್ಲ. ಹಿಡಿದದ್ದು ಬಿಟ್ಟದ್ದಲ್ಲ, ಮೊದಲಿಂದಲೇ ಹಿಡಿದಿರಲಿಲ್ಲ. ಈ ವ್ಯತ್ಯಾಸದ ಮೇಲೇ ಇಡೀ ಕೇಸು ನಿಂತಿದೆ.

ಡಿಸೆಂಬರ್ 2000ರಲ್ಲಿ ಟೆಕ್ಸಾಸಿನ ಆಸ್ಟಿನ್ ಊರಿನ ಸುಲ್ಜರ್ ಆರ್ಥೊಪೆಡಿಕ್ಸ್ ಕಂಪನಿ ತನ್ನ ಇಂಟರ್-ಆಪ್ ಎಂಬ ಬಟ್ಟಲುಗಳನ್ನು ಮಾರುಕಟ್ಟೆಯಿಂದ ವಾಪಸ್ ಕರೆಸಿಕೊಂಡಿತು. ಸುಲ್ಜರ್ ಅಂದರೆ ನಮ್ಮ ಕಡೆಯ ಗಿರಣಿ ಕೆಲಸದವರಿಗೆ ಮಗ್ಗ ನೆನಪಾಗುತ್ತೆ. ಅದೇ ಸ್ವಿಟ್ಜರ್ಲೆಂಡಿನ ವಿಂಟರ್‌ಥೂರ್‌ನ ಸುಲ್ಜರ್. ಅದರ ವೈದ್ಯಕೀಯ ಕವಲು ಸುಲ್ಜರ್ ಮೆಡಿಕಾ, ಅದರ ಕೆಳಗೆ ಈ ಆಸ್ಟಿನ್ ಕಂಪನಿ. ವಾಪಸಾತಿ ಘೋಷಿಸುವ ಹೊತ್ತಿಗೆ ಸುಮಾರು 17,500 ಬಟ್ಟಲುಗಳು ಆಗಲೇ ಜನರ ಮೈಯೊಳಗೆ ಕೂತಿದ್ದವು. ಗೋಡೌನಿನಿಂದ ಡಬ್ಬ ವಾಪಸ್ ತರಿಸಬಹುದು. ಸೊಂಟದೊಳಗಿಂದ ತರಿಸೋದು ಹೇಗೆ?

ಕಾರಣವಾಗಿ ಕಂಪನಿ ಹೇಳಿದ್ದು ಮೆಷಿನ್ ಎಣ್ಣೆ. ಬಟ್ಟಲು ತಯಾರಾಗುವಾಗ ಹತ್ತಿದ ಖನಿಜ ತೈಲದ ಲೂಬ್ರಿಕೆಂಟ್, ಕಣ್ಣಿಗೆ ಕಾಣದಷ್ಟು, ಮೇಲ್ಮೈಯಲ್ಲಿ ಉಳಿದುಬಿಟ್ಟಿತ್ತು.

ಬಟ್ಟಲು ಅಂದರೆ ಏನು ಅಂತ ಸ್ವಲ್ಪ ಹೇಳಿಬಿಡ್ತೀನಿ. ಸೊಂಟದ ಕೀಲು ಒಂದು ಗುಂಡು, ಒಂದು ಗುಳಿ. ತೊಡೆಮೂಳೆಯ ತುದಿಯ ಗುಂಡು ಸೊಂಟದ ಗುಳಿಯೊಳಗೆ ತಿರುಗುತ್ತೆ. ಕೀಲು ಬದಲಿಸುವಾಗ ಗುಳಿಯನ್ನು ಹೆರೆದು ಅರ್ಧಗೋಳದ ಲೋಹದ ಬಟ್ಟಲನ್ನು ಬಿಗಿಯಾಗಿ ಬಡಿದು ಕೂರಿಸ್ತಾರೆ. ಅದರೊಳಗೆ ಪ್ಲಾಸ್ಟಿಕ್ಕಿನ ಒಳಪದರ. ಹಿಂದೆ ಬಟ್ಟಲನ್ನು ಸಿಮೆಂಟಿನಲ್ಲಿ ಕೂರಿಸುವ ರೂಢಿ ಜಾಸ್ತಿ ಇತ್ತು, ಈಗಲೂ ಕೆಲವರಿಗೆ ಹಾಗೇ ಮಾಡ್ತಾರೆ. ಇಂಟರ್-ಆಪ್ ಸಿಮೆಂಟಿಲ್ಲದ ಜಾತಿ. ಹೊರಮೈ ಸ್ಪಂಜಿನ ಹಾಗೆ ರಂಧ್ರ ರಂಧ್ರ. ಮೂಳೆ ಆ ರಂಧ್ರಗಳೊಳಗೆ ಬೆಳೆದು ತಾನೇ ಬೀಗ ಹಾಕಿಕೊಳ್ಳಬೇಕು. ಬಡಿದು ಕೂರಿಸಿದ ಬಿಗಿ ಮೊದಲ ಕೆಲವು ವಾರಕ್ಕೆ ಸಾಕು. ಆಮೇಲಿನ ಹಿಡಿತವೆಲ್ಲ ಮೂಳೆಯದೇ.

ಟೈಟಾನಿಯಂಗೆ ಮೂಳೆ ಹಿಡಿಯುತ್ತೆ ಅನ್ನೋದು ಲೋಕಕ್ಕೆ ಗೊತ್ತಾದದ್ದು ಸ್ವೀಡನ್ನಿನ ಪೆರ್-ಇಂಗ್ವರ್ ಬ್ರೋನೆಮಾರ್ಕ್ ಅವರಿಂದ. 1950ರ ದಶಕದಲ್ಲಿ ಅವರು ಮೂಳೆಯೊಳಗಿನ ರಕ್ತ ಸಂಚಾರ ನೋಡಲು ಮೊಲದ ಕಾಲಿನ ಮೂಳೆಯಲ್ಲಿ ಟೈಟಾನಿಯಂ ಕೊಳವೆ ಕೂರಿಸಿದ್ದರು. ಪ್ರಯೋಗ ಮುಗಿದ ಮೇಲೆ ತೆಗೆಯಲು ಹೋದರೆ ಬರಲಿಲ್ಲ, ಮೂಳೆ ಹಿಡಿದುಬಿಟ್ಟಿತ್ತು. 1965ರಲ್ಲಿ ಅವರು ಮೊದಲ ರೋಗಿಯ ದವಡೆಗೆ ಟೈಟಾನಿಯಂ ಸ್ಕ್ರೂ ಹಾಕಿದರು. ಇವತ್ತಿನ ಹಲ್ಲಿನ ಇಂಪ್ಲಾಂಟಿನ ಶುರು ಅದೇ.

ಆದರೆ ಮೂಳೆ ಹಿಡಿಯೋದು ಟೈಟಾನಿಯಂ ಅನ್ನೋ ಲೋಹವನ್ನಲ್ಲ. ಆ ಲೋಹವನ್ನು ಮೂಳೆ ಮುಟ್ಟುವುದೇ ಇಲ್ಲ. ಗಾಳಿ ತಾಗಿದ ಕ್ಷಣವೇ ಟೈಟಾನಿಯಂ ಮೇಲೆ ಆಕ್ಸೈಡ್ ಪೊರೆ ಮೂಡುತ್ತೆ. ದಪ್ಪ ಕೆಲವೇ ನ್ಯಾನೋಮೀಟರ್. ಕೂದಲೆಳೆಯ ದಪ್ಪವನ್ನು ಹತ್ತು ಸಾವಿರ ಭಾಗ ಮಾಡಿದರೆ ಸಿಗುವ ಒಂದು ಚೂರಿನಷ್ಟು. ದೇಹಕ್ಕೆ ಸಿಗೋದು ಆ ಪೊರೆ, ಅದರ ಮೇಲೆ ಏನಾದರೂ ಕೂತಿದ್ದರೆ ಅದು. ಬಟ್ಟಲಿನ ಉಳಿದ ಮಿಲಿಮೀಟರುಗಟ್ಟಲೆ ಲೋಹ ಭಾರ ಹೊರೋಕೆ ಮಾತ್ರ.

ಈಗ ಕಾರ್ಖಾನೆಗೆ ಬರೋಣ. ಲೋಹ ಕೊರೆಯುವ ಯಂತ್ರಕ್ಕೆ ಎಣ್ಣೆ ಬೇಕೇ ಬೇಕು. ಟೈಟಾನಿಯಂ ಅಂತೂ ಶಾಖ ಬಿಟ್ಟುಕೊಡದ ಲೋಹ, ಎಣ್ಣೆ ಅಥವಾ ಕೂಲಂಟ್ ಇಲ್ಲದೆ ಕೊರೆದರೆ ಟೂಲ್ ಸುಟ್ಟುಹೋಗುತ್ತೆ. ಹಾಗಾಗಿ ಇಂಪ್ಲಾಂಟ್‌ಗೆ ಎಣ್ಣೆ ಹತ್ತುವುದು ತಪ್ಪಲ್ಲ, ಹೋಗದೆ ಉಳಿಯುವುದು ತಪ್ಪು. ಅದಕ್ಕೇ ಕೊನೆಗೆ ತೊಳೆಯುವ ಹಂತಗಳು ಸಾಲಾಗಿ ಇರುತ್ತವೆ. ಅದರಲ್ಲಿ ಒಂದು ನೈಟ್ರಿಕ್ ಆಸಿಡ್ ಸ್ನಾನ. ಕೆಲಸದವರ ಬಾಯಲ್ಲಿ ಪ್ಯಾಸಿವೇಶನ್. ಮೇಲ್ಮೈ ಮೇಲಿನ ಆಕ್ಸೈಡನ್ನು ಹದಗೊಳಿಸಿ ತುಕ್ಕಿಗೆ ಜಗ್ಗದ ಹಾಗೆ ಮಾಡೋದು ಅದರ ಹೆಸರಿನ ಕೆಲಸ. ಹೆಸರಿಲ್ಲದೆ ಅದು ಮಾಡುವ ಇನ್ನೊಂದು ಕೆಲಸವಿದೆ: ಮೇಲೆ ಉಳಿದ ಜಿಡ್ಡು, ಸಾವಯವ ಕೊಳೆಯನ್ನು ಸುಟ್ಟು ಕರಗಿಸೋದು.

ಇಂಟರ್-ಆಪ್ ಬಟ್ಟಲುಗಳ ತಯಾರಿಯಲ್ಲಿ ಈ ನೈಟ್ರಿಕ್ ಆಸಿಡ್ ಹಂತವನ್ನು ಕೈಬಿಡಲಾಗಿತ್ತು. ಯಾಕೆ ಬಿಡಬಹುದು ಅನ್ನಿಸಿತೋ ನಾನು ಊಹೆ ಮಾಡಬಲ್ಲೆ. ಟೈಟಾನಿಯಂ ತನ್ನ ಆಕ್ಸೈಡ್ ಪೊರೆಯನ್ನು ತಾನೇ ಕಟ್ಟಿಕೊಳ್ಳುತ್ತಲ್ಲ, ಸುಮ್ನೆ ಆಸಿಡ್ ಯಾಕೆ? ಕಾಗದದ ಮೇಲೆ ಈ ವಾದಕ್ಕೆ ಉತ್ತರವಿಲ್ಲ. ತುಕ್ಕಿನ ಪರೀಕ್ಷೆ ಮಾಡಿದರೂ ಪಾಸಾಗುತ್ತೆ. ಆ ಹಂತ ತನ್ನ ಹೆಸರಿನಲ್ಲಿಲ್ಲದ ಕೆಲಸವನ್ನೂ ಮಾಡುತ್ತಿತ್ತು ಅನ್ನೋದು, ಅದನ್ನು ತೆಗೆದು, ಎಣ್ಣೆಯೂ ಒಂದು ಕಡೆಯಿಂದ ಸೋರಿ, ಎರಡೂ ಸೇರಿದಾಗಷ್ಟೇ ಬಯಲಾಗೋದು.

ಅಷ್ಟು ಸಣ್ಣ ಎಣ್ಣೆಯ ಪೊರೆಯಿಂದ ಮೂಳೆ ಯಾಕೆ ಹಿಂದೆ ಸರಿಯಬೇಕು? ಕೋಶದ ಕಣ್ಣಿಂದ ನೋಡಬೇಕು.

ಬಟ್ಟಲು ಒಳಗೆ ಹೋದ ಕೂಡಲೇ ಅದನ್ನು ಮುಟ್ಟುವುದು ರಕ್ತ. ಮೊದಲು ನೀರು, ಹಿಂದೆಯೇ ರಕ್ತದ ಪ್ರೋಟೀನುಗಳು. ಸೆಕೆಂಡುಗಳಲ್ಲಿ ಮೇಲ್ಮೈ ಪೂರ್ತಿ ಪ್ರೋಟೀನಿನ ಹೊದಿಕೆ. ಮೂಳೆ ಕಟ್ಟುವ ಆಸ್ಟಿಯೋಬ್ಲಾಸ್ಟ್ ಕೋಶ ಬರುವುದು ಆಮೇಲೆ. ಅದು ಲೋಹವನ್ನಾಗಲಿ ಆಕ್ಸೈಡನ್ನಾಗಲಿ ನೋಡೋದೇ ಇಲ್ಲ, ನೋಡೋದು ಆ ಪ್ರೋಟೀನ್ ಹೊದಿಕೆಯನ್ನು. ಕೋಶದ ಮೈಮೇಲೆ ಇಂಟೆಗ್ರಿನ್ ಅನ್ನೋ ಕೈಗಳಿವೆ. ಆ ಕೈಗಳು ಹುಡುಕೋದು ಫೈಬ್ರೊನೆಕ್ಟಿನ್, ವಿಟ್ರೊನೆಕ್ಟಿನ್ ಥರದ ಪ್ರೋಟೀನುಗಳಲ್ಲಿರುವ ಸಣ್ಣ ಗುರುತನ್ನು: ಆರ್ಜಿನೀನ್, ಗ್ಲೈಸೀನ್, ಆಸ್ಪಾರ್ಟಿಕ್ ಆಸಿಡ್, ಈ ಮೂರು ಸಾಲಾಗಿ. ಪ್ರೋಟೀನ್ ಸರಿಯಾದ ಮಗ್ಗುಲಲ್ಲಿ ಕೂತಿದ್ದರೆ ಆ ಗುರುತು ಮೇಲಕ್ಕೆ ಕಾಣುತ್ತೆ. ಮಗ್ಗುಲು ಬದಲಿಸಿ ಬಿದ್ದಿದ್ದರೆ ಕಾಣಲ್ಲ.

ಸ್ವಚ್ಛ ಆಕ್ಸೈಡ್ ನೀರನ್ನು ಪ್ರೀತಿಸುತ್ತೆ. ಹನಿ ಬಿಟ್ಟರೆ ಹರಡಿಕೊಳ್ಳುತ್ತೆ. ಎಣ್ಣೆ ಇದ್ದರೆ ಅದೇ ಹನಿ ಕೆಸುವಿನೆಲೆ ಮೇಲಿನ ನೀರಿನ ಹಾಗೆ ಗುಂಡಗೆ ಕೂರುತ್ತೆ. ನೀರು ಹರಡದ ಕಡೆ ಪ್ರೋಟೀನುಗಳು ಬರಲ್ಲ ಅಂತಲ್ಲ, ಬರುತ್ತವೆ, ಆದರೆ ಯಾವುದು ಬರುತ್ತೆ, ಹೇಗೆ ಮಡಚಿಕೊಂಡು ಕೂರುತ್ತೆ ಅನ್ನೋದು ಬದಲಾಗಿಬಿಡುತ್ತೆ. ಕೈ ಚಾಚಿದ ಕೋಶಕ್ಕೆ ಹಿಡಿಯೋಕೆ ಹಿಡಿಕೆ ಸಿಗಲ್ಲ.

ಲ್ಯಾಬಿನಲ್ಲಿ ಇದನ್ನು ನೋಡುವ ಕೆಲಸ ನಾನು ಮಾಡಿದ್ದೇನೆ. ಟೈಟಾನಿಯಂ ಬಿಲ್ಲೆಗಳನ್ನು ಪ್ಲೇಟಿನ ಗುಳಿಗಳಲ್ಲಿಟ್ಟು ಮೇಲೆ ಕೋಶಗಳನ್ನು ಬಿತ್ತುತ್ತೇವೆ. ಬಿತ್ತುವಾಗ ಎಲ್ಲ ಕೋಶಗಳೂ ಗುಂಡಗೆ ಇರುತ್ತವೆ, ನೀರಲ್ಲಿ ತೇಲುವ ಸಬ್ಬಕ್ಕಿ ಕಾಳುಗಳ ಥರ. ಒಂದು ಗಂಟೆ ಕಳೆದರೆ ಒಳ್ಳೆಯ ಮೇಲ್ಮೈ ಮೇಲೆ ಅವು ಕೂತು ಅಂಚಿನಲ್ಲಿ ಸಣ್ಣ ಸಣ್ಣ ಬೆರಳು ಚಾಚಿರುತ್ತವೆ. ನಾಲ್ಕು ಗಂಟೆ ಹೊತ್ತಿಗೆ ಚಪ್ಪಟೆಯಾಗಿ ಹರಡಿ, ಒಳಗಿನ ಆಕ್ಟಿನ್ ಎಳೆಗಳು ಹಗ್ಗ ಬಿಗಿದ ಹಾಗೆ ಕಾಣತೊಡಗುತ್ತವೆ. ಬಣ್ಣ ಹಾಕಿ ಫ್ಲೋರೊಸೆಂಟ್ ಮೈಕ್ರೋಸ್ಕೋಪಿನ ಕೆಳಗೆ ಇಟ್ಟರೆ ಹಸಿರು ಹಗ್ಗಗಳು, ನಡುವೆ ನೀಲಿ ನ್ಯೂಕ್ಲಿಯಸ್. ಕೆಟ್ಟ ಬಿಲ್ಲೆ ಮೇಲೆ ಅದೇ ನಾಲ್ಕು ಗಂಟೆಗೂ ಗುಂಡಗೇ ಕೂತಿರುತ್ತವೆ. ತೊಳೆದರೆ ನೀರಿನ ಜೊತೆ ಹೋಗಿಬಿಡುತ್ತವೆ. ಮೂಳೆ ಕೋಶ ನೆಲ ಸಿಗದೆ ಬದುಕುವ ಜಾತಿಯಲ್ಲ. ಹರಡಲಾಗದಿದ್ದರೆ ಅದು ಬೆಳೆಯೋದೂ ಇಲ್ಲ, ಕೊನೆಗೆ ತಾನೇ ಸಾಯುತ್ತೆ.

ಇಂಟರ್-ಆಪ್ ವಿಷಯದಲ್ಲಿ ಇದನ್ನು ಸರಿಯಾಗಿ ಕೂತು ಪರೀಕ್ಷೆ ಮಾಡಿದ್ದು ತುಂಬ ತಡವಾಗಿ, 2015ರಲ್ಲಿ. ಮಾಡಿದವರು ಓಹಿಯೋದ ಕ್ಲೀವ್‌ಲ್ಯಾಂಡಿನ ಕೇಸ್ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯದ ಬೊನ್‌ಸಿನ್ಯೋರ್, ಗೋಲ್ಡ್‌ಬರ್ಗ್, ಗ್ರೀನ್‌ಫೀಲ್ಡ್. ಟೈಟಾನಿಯಂಗೆ ಮೆಷಿನ್ ಎಣ್ಣೆ ಹತ್ತಿಸಿ ಇಲಿಗಳ ಮೂಳೆಯಲ್ಲಿ ಇಟ್ಟರು, ಮೂಳೆಯ ಹಿಡಿತ ಕುಂದಿತು. ಪ್ಲೇಟಿನಲ್ಲಿ ನೋಡಿದರೆ ತೊಂದರೆ ಮೊದಲ ಮೆಟ್ಟಿಲಲ್ಲೇ: ಕೋಶಗಳು ಅಂಟೋದು ಮತ್ತು ಹರಡೋದು ಎರಡೂ ಕೆಟ್ಟಿದ್ದವು.

ನನಗೆ ಇದಕ್ಕಿಂತ ಹಿಡಿಸಿದ್ದು ಅದೇ ಗುಂಪಿನ 2013ರ ಇನ್ನೊಂದು ಕೆಲಸ. ಅಲ್ಲಿ ಕೊಳೆ ಬೇರೆ. ಬ್ಯಾಕ್ಟೀರಿಯಾ ಸತ್ತ ಮೇಲೂ ಉಳಿಯುವ ಅದರ ಹೊರಪೊರೆಯ ತುಣುಕು, ಲಿಪೊಪಾಲಿಸ್ಯಾಕರೈಡ್. ಇಂಪ್ಲಾಂಟನ್ನು ಸ್ಟೆರಿಲೈಜ್ ಮಾಡಿದರೆ ಬ್ಯಾಕ್ಟೀರಿಯಾ ಸಾಯುತ್ತೆ, ಆದರೆ ಈ ತುಣುಕು ಟೈಟಾನಿಯಂಗೆ ಅಂಟಿಕೊಂಡೇ ಇರಬಹುದು. ಇದು ಕೂಡ ಮೂಳೆಯ ಹಿಡಿತವನ್ನು ಕೆಡಿಸಿತು. ಆದರೆ ದಾರಿ ಬೇರೆ. ಇಲ್ಲಿ ಕೆಟ್ಟದ್ದು ಡಿಫರೆನ್ಷಿಯೇಶನ್, ಅಂದರೆ ಕೂತ ಕೋಶ ಬಲಿತು ಮೂಳೆ ಕಟ್ಟುವ ಕೋಶವಾಗೋದು. ಒಂದು ಕೊಳೆ ಕೂಲಿಯವರನ್ನು ಗೇಟಿನಲ್ಲೇ ತಡೆಯಿತು, ಇನ್ನೊಂದು ಒಳಗೆ ಬಿಟ್ಟು ಕೆಲಸ ಕಲಿಯದ ಹಾಗೆ ಮಾಡಿತು. ಆಪರೇಷನ್ ಟೇಬಲ್ಲಿನ ಮೇಲೆ ಸರ್ಜನ್ನಿಗೆ ಕಾಣೋದು ಎರಡರಲ್ಲೂ ಒಂದೇ, ಅಲುಗಾಡುವ ಬಟ್ಟಲು.

ಹೀಗಾಗಿ "ಎಷ್ಟು ಕೋಶ ಅಂಟಿದವು" ಅಂತ ಎಣಿಸಿ ಮೇಲ್ಮೈಗೆ ಮಾರ್ಕ್ಸ್ ಕೊಡುವವರನ್ನು ನಾನು ಪೂರ್ತಿ ನಂಬಲ್ಲ. ಒರಟು ಮೇಲ್ಮೈಗಳ ವಿಷಯ ಬಂದಾಗ ಈ ಎಣಿಕೆ ಇನ್ನೂ ಮೋಸ ಮಾಡುತ್ತೆ.

ಇಲ್ಲಿ ಸ್ವಲ್ಪ ಪಕ್ಕಕ್ಕೆ ಹೋಗಬೇಕು. ಇಂಪ್ಲಾಂಟಿನ ಮೇಲ್ಮೈ ಸಂಸ್ಕಾರ ಅಂದ ಕೂಡಲೇ ಎಲ್ಲರೂ ಒರಟುತನದ ಮಾತಾಡ್ತಾರೆ. ತಪ್ಪೇನಿಲ್ಲ. ಗಾರೆ ಕೆಲಸದವರು ನಯವಾದ ಕಾಂಕ್ರೀಟ್ ಕಂಬಕ್ಕೆ ಪ್ಲಾಸ್ಟರ್ ಮಾಡುವ ಮುಂಚೆ ಚಾಣದಲ್ಲಿ ಕಚ್ಚು ಹೊಡೆಯುತ್ತಾರಲ್ಲ, ಅದೇ ಲೆಕ್ಕ. ಹಲ್ಲಿನ ಇಂಪ್ಲಾಂಟಿನಲ್ಲಿ ಹೆಸರುವಾಸಿಯಾದ ಎಸ್‌ಎಲ್‌ಎ ಮೇಲ್ಮೈ ಹೀಗೇ ಆಗೋದು: ಮೊದಲು ಕಾಲು ಮಿಲಿಮೀಟರಿನಿಂದ ಅರ್ಧ ಮಿಲಿಮೀಟರ್ ಗಾತ್ರದ ಅಲ್ಯುಮಿನಾ ಕಾಳುಗಳನ್ನು ಜೋರಾಗಿ ಚಿಮ್ಮಿ ದೊಡ್ಡ ಗುಳಿ, ಆಮೇಲೆ ಬಿಸಿ ಆಸಿಡ್ಡಿನಲ್ಲಿ ಅದ್ದಿ ಆ ಗುಳಿಗಳೊಳಗೆ ಸಣ್ಣ ಗುಳಿ. 1991ರಲ್ಲಿ ಡ್ಯಾನಿಯಲ್ ಬೂಸರ್ ಮತ್ತು ಸಂಗಡಿಗರು ಸಣ್ಣ ಜಾತಿಯ ಹಂದಿಗಳಲ್ಲಿ ಬೇರೆ ಬೇರೆ ಮೇಲ್ಮೈ ಹೋಲಿಸಿದ್ದರು. ಕನ್ನಡಿ ಹಾಗೆ ನಯ ಮಾಡಿದ ಟೈಟಾನಿಯಂಗೆ ಮೂಳೆ ತಾಗಿದ್ದು ಶೇ 20ರಿಂದ 25 ಭಾಗ. ಕಾಳು ಚಿಮ್ಮಿ ಆಸಿಡ್ ಹಾಕಿದ್ದಕ್ಕೆ ಶೇ 50ರಿಂದ 60.

ತಮಾಷೆ ಅಂದರೆ, ಪ್ಲೇಟಿನಲ್ಲಿ ನೋಡಿದರೆ ಇಂಥ ಒರಟು ಟೈಟಾನಿಯಂ ಮೇಲೆ ಕೋಶಗಳ ಸಂಖ್ಯೆ ಹಲವು ಸಲ ಕಡಿಮೆಯೇ ಇರುತ್ತೆ. ಬಾರ್ಬರಾ ಬೋಯಾನ್ ಅವರ ಗುಂಪು ಇದನ್ನು ಮತ್ತೆ ಮತ್ತೆ ತೋರಿಸಿದೆ. ನಯವಾದ ಕಡೆ ಕೋಶಗಳು ಸಲೀಸಾಗಿ ಹರಡಿ ಸಂಖ್ಯೆ ಹೆಚ್ಚಿಸಿಕೊಳ್ಳುತ್ತವೆ. ಒರಟು ಕಡೆ ಸಂಖ್ಯೆ ಕಡಿಮೆ, ಆದರೆ ಇದ್ದವು ಬೇಗ ಬಲಿತು ಆಸ್ಟಿಯೋಕ್ಯಾಲ್ಸಿನ್ ಥರದ ಮೂಳೆ ಪ್ರೋಟೀನನ್ನು ಜಾಸ್ತಿ ಮಾಡುತ್ತವೆ. ಮೊದಲ ದಿನದ ತಲೆ ಎಣಿಕೆ ಮಾಡಿದವರು ನಯವಾದ ಬಿಲ್ಲೆಗೇ ಬಹುಮಾನ ಕೊಟ್ಟುಬಿಡ್ತಾರೆ.

ಗಾರೆಯವರ ಇನ್ನೊಂದು ಪದ್ಧತಿಯೂ ಇಲ್ಲಿ ಬೇಕು. ಮೋಲ್ಡ್ ಹಾಕುವಾಗ ಸೆಂಟ್ರಿಂಗ್ ಹಲಗೆಗಳಿಗೆ ಆಯಿಲ್ ಬಳಿಯುತ್ತಾರೆ. ಯಾಕೆ? ಕಾಂಕ್ರೀಟ್ ಹಿಡಿಯಬಾರದು ಅಂತ. ಇಂಟರ್-ಆಪ್ ಬಟ್ಟಲಿನಲ್ಲಿ ಕಚ್ಚೂ ಇತ್ತು, ಆಯಿಲ್ಲೂ ಇತ್ತು. ಮೂಳೆಗೆ ಕಚ್ಚು ಮುಟ್ಟುವ ಮೊದಲೇ ಆಯಿಲ್ ಸಿಕ್ಕಿತು.

ಇನ್ನೂ ಕೆಟ್ಟದ್ದೆಂದರೆ ಕಚ್ಚು ಜಾಸ್ತಿಯಾದಷ್ಟೂ ಎಣ್ಣೆ ಕೂರೋಕೆ ಜಾಗ ಜಾಸ್ತಿ. ಮೂಳೆಗೆ ಅಂತ ಬಿಟ್ಟ ರಂಧ್ರಗಳು ಮೊದಲು ಎಣ್ಣೆಗೆ ಸಿಗುತ್ತವೆ. ನಯವಾದ ಲೋಹವನ್ನು ಒರೆಸಿದರೆ ಹೋಗುತ್ತೆ. ಸ್ಪಂಜಿನ ಒಳಗಿನದನ್ನು ಏನು ಒರೆಸೋದು? ದೋಸೆ ಹೆಂಚು ತೊಳೆಯೋದಕ್ಕೂ ಪಡ್ಡಿನ ಹೆಂಚು ತೊಳೆಯೋದಕ್ಕೂ ಇರುವ ವ್ಯತ್ಯಾಸ ಅಡುಗೆಮನೆಯಲ್ಲಿ ನಿಂತವರಿಗೆ ಗೊತ್ತು.

ಹಾಗಾದರೆ ಮೂಳೆ ಬದಲು ಅಲ್ಲಿ ಬೆಳೆದದ್ದು ಏನು? ದೇಹ ಜಾಗ ಖಾಲಿ ಬಿಡಲ್ಲ. ಮೂಳೆ ಬರದ ಕಡೆ ನಾರಿನ ಅಂಗಾಂಶ ತುಂಬಿಕೊಳ್ಳುತ್ತೆ. ಅದು ಮೆತ್ತಗೆ. ಕಾಲೂರಿದಾಗೆಲ್ಲ ಬಟ್ಟಲು ಕೂದಲೆಳೆಯಷ್ಟು ಅಲುಗುತ್ತೆ. ಈ ಅಲುಗಾಟ ಸುಮಾರು 150 ಮೈಕ್ರಾನ್ ದಾಟಿದರೆ ಮೂಳೆ ಕೋಶಕ್ಕೆ ಕೂರೋಕೆ ಬಿಡುವೇ ಸಿಗಲ್ಲ, ನಾರೇ ಗಟ್ಟಿಯಾಗುತ್ತಾ ಹೋಗುತ್ತೆ. ಮೂಳೆ ಹಿಡಿಯದ್ದರಿಂದ ಅಲುಗಾಟ, ಅಲುಗಾಟದಿಂದ ಮೂಳೆ ಹಿಡಿಯದಿರೋದು. ಆಪರೇಷನ್ ಆದ ಹೊಸದರಲ್ಲಿ ರೋಗಿ ಹುಷಾರಾಗಿದ್ದ ಹಾಗೆ ಕಂಡು, ಬಡಿದು ಕೂರಿಸಿದ ಬಿಗಿ ಸಡಿಲಾದ ಮೇಲೆ ನೋವು ಶುರುವಾಗೋದು ಇದಕ್ಕೇ.

ಕಾರ್ಖಾನೆಯ ಗೇಟಿನಲ್ಲಿ ಇದನ್ನು ಹಿಡಿಯೋಕೆ ಆಗುತ್ತಿರಲಿಲ್ಲವಾ? ಬಟ್ಟಲಿನ ಅಳತೆ ಸರಿ. ಗಟ್ಟಿತನ ಸರಿ. ರಂಧ್ರಗಳ ಗಾತ್ರ ಸರಿ. ಸ್ಟೆರಿಲಿಟಿ ಸರಿ. ಕಣ್ಣಿಗೆ ಹೊಳೆಯುವ ಬಟ್ಟಲು. ಇದ್ಯಾವುದೂ ಕೋಶ ಕೇಳುವ ಪ್ರಶ್ನೆಯಲ್ಲ. ಎಕ್ಸ್‌-ರೇ ಫೋಟೋಎಲೆಕ್ಟ್ರಾನ್ ಸ್ಪೆಕ್ಟ್ರೋಸ್ಕೋಪಿಯಲ್ಲಿ ಮೇಲಿನ ಕೆಲವು ನ್ಯಾನೋಮೀಟರಿನಲ್ಲಿ ಇಂಗಾಲ ಎಷ್ಟಿದೆ ನೋಡಬಹುದು, ಜಿಡ್ಡಿನ ಗುರುತು ಅದೇ. ದ್ರಾವಕದಲ್ಲಿ ಅದ್ದಿ ಬಿಟ್ಟುಕೊಂಡ ಜಿಡ್ಡನ್ನು ತೂಗಬಹುದು. ಎಲ್ಲಕ್ಕಿಂತ ಅಗ್ಗದ್ದು ಒಂದು ಹನಿ ನೀರು, ರಂಧ್ರದ ಮೇಲ್ಮೈಯಲ್ಲಿ ಅದರ ಕೋನ, ಅಂದರೆ ಹನಿಯ ಅಂಚು ಮೇಲ್ಮೈ ಜೊತೆ ಮಾಡುವ ಕೋನ, ಅಳೆಯೋದು ಕಷ್ಟವಾದರೂ. ಆದರೆ ಪರೀಕ್ಷೆಗಿಂತ ಮುಂಚಿನ ಮಾತು ಒಂದಿದೆ. ತೊಳೆಯುವ ಹಂತವೊಂದನ್ನು ತೆಗೆಯುವಾಗ ಅದನ್ನು ಮನೆಗೆಲಸದ ಬದಲಾವಣೆ ಅಂತ ನೋಡಿದರೋ, ಮೇಲ್ಮೈಯ ಬದಲಾವಣೆ ಅಂತ ನೋಡಿದರೋ? ನನ್ನ ಪ್ರಕಾರ ನೈಟ್ರಿಕ್ ಆಸಿಡ್ ತೆಗೆದ ಬಟ್ಟಲು ಹೊಸ ಇಂಪ್ಲಾಂಟ್. ಡ್ರಾಯಿಂಗ್ ಹಳೆಯದು ಅಷ್ಟೇ.

ವಾಪಸ್ ಬಂದ ಬಟ್ಟಲುಗಳ ಕತೆಯೂ ಇದೆ. ಒಂದಷ್ಟನ್ನು ಮತ್ತೆ ತೊಳೆದು, ಸಂಸ್ಕರಿಸಿ ಬಳಕೆಗೆ ಬಿಡಲಾಗಿತ್ತು. ಮುಂದೆ ಒಪ್ಪಂದದ ಪರಿಹಾರ ಪಟ್ಟಿ ತಯಾರಾದಾಗ ಹಾಗೆ ಮರುಸಂಸ್ಕರಿಸಿದ ಬಟ್ಟಲುಗಳನ್ನೂ ಅದರಲ್ಲಿ ಸೇರಿಸಬೇಕಾಯಿತು. ಅದೇ ಕಂಪನಿಯ ಮಂಡಿಯ ಒಂದು ಭಾಗವೂ, ಕೆಳಗಾಲಿನ ಮೂಳೆ ಮೇಲೆ ಕೂರುವ ತಟ್ಟೆ, ಪಟ್ಟಿಗೆ ಸೇರಿತು.

ಕೋರ್ಟಿನ ಭಾಗ ಬೇಗ ಹೇಳಿಬಿಡ್ತೀನಿ. ಸಾವಿರಾರು ಜನ ಎರಡನೇ ಆಪರೇಷನ್ ಮಾಡಿಸಿಕೊಂಡರು. 2001ರ ಆಗಸ್ಟಿನಲ್ಲಿ ಟೆಕ್ಸಾಸಿನ ಕಾರ್ಪಸ್ ಕ್ರಿಸ್ಟಿಯಲ್ಲಿ ಜ್ಯೂರಿ ಮೂವರು ಹೆಂಗಸರಿಗೆ 1.55 ಕೋಟಿ ಡಾಲರ್ ಕೊಡಬೇಕು ಅಂದಿತು. ಫೆಡರಲ್ ಕೇಸುಗಳೆಲ್ಲ ಓಹಿಯೋದ ಒಂದೇ ನ್ಯಾಯಾಲಯಕ್ಕೆ ಬಂದವು, 2002ರಲ್ಲಿ ಸುಮಾರು 100 ಕೋಟಿ ಡಾಲರಿನ ಒಪ್ಪಂದವಾಯಿತು. ಸುಲ್ಜರ್ ಮೆಡಿಕಾ ಸೆಂಟರ್‌ಪಲ್ಸ್ ಅಂತ ಹೆಸರು ಬದಲಿಸಿಕೊಂಡಿತು, 2003ರಲ್ಲಿ ಜಿಮ್ಮರ್ ಕಂಪನಿ ಅದನ್ನು ಕೊಂಡುಕೊಂಡಿತು. ದುಡ್ಡಿನ ಲೆಕ್ಕ ಮುಗಿದು ಹನ್ನೆರಡು ಹದಿಮೂರು ವರ್ಷ ಆದ ಮೇಲೆ, ಅದೇ ಓಹಿಯೋದಲ್ಲಿ, ಎಣ್ಣೆ ಕೋಶಕ್ಕೆ ಏನು ಮಾಡುತ್ತೆ ಅನ್ನೋ ಉತ್ತರ ಬಂತು.

ಎಣ್ಣೆ ಇಲ್ಲದಿದ್ದರೆ ಎಲ್ಲ ಸರಿ ಅಂದುಕೊಳ್ಳುವ ಹಾಗೂ ಇಲ್ಲ. ಸುಮ್ಮನೆ ಗಾಳಿಯಲ್ಲಿಟ್ಟರೂ ಟೈಟಾನಿಯಂ ಗಾಳಿಯಲ್ಲಿರುವ ಹೈಡ್ರೊಕಾರ್ಬನ್ನುಗಳನ್ನು ಎಳೆದುಕೊಳ್ಳುತ್ತೆ. ಲಾಸ್ ಏಂಜಲಿಸ್‌ನ ತಕಾಹಿರೊ ಒಗಾವಾ ಅವರ ಗುಂಪು ಆಗ ತಾನೇ ಸಂಸ್ಕರಿಸಿದ ಟೈಟಾನಿಯಂ ಮತ್ತು ನಾಲ್ಕು ವಾರ ಇಟ್ಟ ಟೈಟಾನಿಯಂ ಹೋಲಿಸಿ, ಹಳತಾದದ್ದಕ್ಕೆ ಕೋಶಗಳೂ ಕಡಿಮೆ, ಮೂಳೆಯೂ ಕಡಿಮೆ ಅಂತ ತೋರಿಸಿತು. ಅಲ್ಟ್ರಾವೈಲೆಟ್ ಬೆಳಕು ಬಿಟ್ಟರೆ ಆ ಇಂಗಾಲ ಹೋಗಿ ಮೇಲ್ಮೈ ಮತ್ತೆ ನೀರು ಹೀರುತ್ತೆ. ಎಸ್‌ಎಲ್‌ಎ ತಯಾರಕರು ಬೇರೆ ದಾರಿ ಹಿಡಿದರು: ಆಸಿಡ್ ಆದ ಮೇಲೆ ನೈಟ್ರೋಜನ್ ತುಂಬಿದ ಜಾಗದಲ್ಲಿ ತೊಳೆದು, ಗಾಳಿ ತಾಗಿಸದೆ ಉಪ್ಪುನೀರಿನ ಗಾಜಿನ ಕೊಳವೆಯಲ್ಲಿ ಮುಚ್ಚಿಡೋದು. ಒಣಗಿಸಿಟ್ಟ ಎಸ್‌ಎಲ್‌ಎ ಮೇಲೆ ನೀರಿನ ಹನಿಯ ಕೋನ ಸುಮಾರು 140 ಡಿಗ್ರಿ, ಅಂದರೆ ಹೆಚ್ಚುಕಮ್ಮಿ ಪೂರ್ತಿ ಗುಂಡು. ಉಪ್ಪುನೀರಿನಲ್ಲಿಟ್ಟದ್ದರ ಮೇಲೆ 0. ಆಕಾರ ಅದೇ, ಗುಳಿಗಳು ಅವೇ.

ನಮ್ಮ ಲ್ಯಾಬಿನಲ್ಲೂ ಒಂದು ಸಲ ಬಿಲ್ಲೆಗಳ ಒಂದು ಇಡೀ ಬ್ಯಾಚು ಕೈಕೊಟ್ಟಿತ್ತು. ಕೋಶಗಳೆಲ್ಲ ಗುಂಡಗೆ. ಸೀರಂ ಬದಲಿಸಿದೆವು, ಇನ್‌ಕ್ಯುಬೇಟರಿನ ಸಿಒ2 ನೋಡಿದೆವು, ಕೋಶ ಬಿತ್ತಿದ ಹುಡುಗನನ್ನು ಬೈದೆವು. ಅವನು ಪಾಪ ಏನೂ ಮಾಡಿರಲಿಲ್ಲ. ಬಿಲ್ಲೆಗಳು ಜಿಪ್ ಕವರಿನಲ್ಲಿ ತಿಂಗಳುಗಟ್ಟಲೆ ಬೀರುವಿನಲ್ಲಿದ್ದವು. ಯಾರೋ ಕೊನೆಗೆ ಪಿಪೆಟ್ಟಿನಿಂದ ಒಂದು ಹನಿ ಬಿಟ್ಟು ನೋಡಿದರು. ಮುತ್ತಿನ ಹಾಗೆ ನಿಂತುಕೊಂಡಿತು. ಅದೇ ಬ್ಯಾಚಿನ ಬಿಲ್ಲೆಗಳನ್ನು ಮತ್ತೆ ತೊಳೆದು ಪ್ಲಾಸ್ಮಾ ಕ್ಲೀನರಿನಲ್ಲಿಟ್ಟು, ಅವತ್ತೇ ಸಂಜೆ ಕೋಶ ಬಿತ್ತಿದೆವು. ಮಾರನೇ ದಿನ ಬೆಳಿಗ್ಗೆ ಹಸಿರು ಹಗ್ಗಗಳು ಬಿಗಿದುಕೊಂಡಿದ್ದವು. ಆ ಹುಡುಗ ನಮ್ಮನ್ನೆಲ್ಲ ಒಂದು ಸಲ ನೋಡಿ, ಏನೂ ಮಾತಾಡದೆ ಕ್ಯಾಂಟೀನಿಗೆ ಹೋದ.